ಓಡುವವರ ಕಿವಿಗೆ ಇಯರ್‌ಬಡ್ ಮಾಡಿದ ಅನುಭವ

ಇಯರ್‌ಬಡ್‌ನಲ್ಲಿ ಹಾಡು ಚೆನ್ನಾಗಿ ಕೇಳಿಸುವಂತೆ ಮಾಡುವುದು ಈಗ ಅಷ್ಟೇನೂ ಕಷ್ಟವಲ್ಲ. ಓಡುವಾಗ ಅದು ಕಿವಿಯಲ್ಲಿ ನಿಲ್ಲಬೇಕು, ಬೆವರಿಗೆ ಬಾಳಿಕೆ ಬರಬೇಕು. ತಲೆ ಬಿಸಿಯಾಗುವುದು ಅಲ್ಲೇ. ಬೆಂಗಳೂರಿನ ಒಂದು ಡಿಸೈನ್ ತಂಡದಲ್ಲಿ ಹೊರಕವಚ, ಬಟನ್, ಚಾರ್ಜಿಂಗ್ ಪಿನ್ ಇಂಥದ್ದನ್ನೆಲ್ಲ ನೋಡಿಕೊಳ್ಳುವವನು ನಾನು.

ಒಂದು ಬಡ್‌ನ ತೂಕ ಸುಮಾರು 5–6 ಗ್ರಾಂ. ಅಷ್ಟೇ ತಾನೇ ಅನ್ನಿಸುತ್ತದೆ. ಆದರೆ ಪ್ರತಿ ಹೆಜ್ಜೆಗೂ ಅದು ಜಗ್ಗುತ್ತದೆ. ತೂಕ ಎಷ್ಟು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದೇ ಮುಖ್ಯ. ಒಳಗಿನ ಸಾಮಾನುಗಳಲ್ಲಿ ಬ್ಯಾಟರಿಯೇ ಭಾರ. ಅದು ಹೊರಗೆ ಚಾಚಿಕೊಂಡಿದ್ದರೆ ಬಡ್ ತಾನೇ ತನ್ನನ್ನು ಕಿತ್ತುಕೊಂಡು ಬರುತ್ತದೆ. ಹಾಗಾಗಿ ಮೊದಲು ಸರ್ಕ್ಯೂಟ್ ಏನೂ ಇಲ್ಲದ ಖಾಲಿ ಕವಚಗಳನ್ನು 3ಡಿ ಪ್ರಿಂಟ್ ಮಾಡಿಕೊಂಡೆವು. ಬ್ಯಾಟರಿ ಬರುವ ಜಾಗದಲ್ಲಿ ಅಷ್ಟೇ ತೂಕದ ಉಕ್ಕಿನ ಚೂರು ಅಂಟಿಸಿದೆವು. ಬಡ್ ಮೇಲೊಂದು, ಕಿವಿಹಾಲೆ ಮೇಲೊಂದು ಮಾರ್ಕರ್ ಚುಕ್ಕಿ. ಗೆಳೆಯರನ್ನು ಟ್ರೆಡ್‌ಮಿಲ್ ಹತ್ತಿಸಿ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದೆವು. ಎರಡು ಚುಕ್ಕಿಯೂ ಒಟ್ಟಿಗೆ ಕುಣಿದರೆ ಸರಿ. ಬಡ್‌ನದ್ದು ತನ್ನ ಪಾಡಿಗೆ ತಾನು ಕುಣಿದರೆ ಮತ್ತೆ ಕಂಪ್ಯೂಟರ್ ಮುಂದೆ.

ದವಡೆಯ ಕೀಲು ಕಿವಿಯ ಪಕ್ಕದಲ್ಲೇ ಇದೆ. ಬಾಯಿ ತೆರೆದಾಗ ಕಿವಿತೂತಿನ ಆಕಾರವೂ ಬದಲಾಗುತ್ತದೆ. ಏದುಸಿರು ಬಿಡುತ್ತಾ ಓಡುವವರ ಬಾಯಿ ಮುಚ್ಚಿರುವುದೆಲ್ಲಿ? ಅದಕ್ಕೇ ಬಡ್ ಹಾಕಿಸಿ ಎಲ್ಲರಿಗೂ ಚಕ್ಕುಲಿ ತಿನ್ನಿಸುವ ಪರೀಕ್ಷೆ ಶುರು ಮಾಡಿದೆವು. ಟ್ರೆಡ್‌ಮಿಲ್ ಮೇಲೆ ಗೆದ್ದ ಎಷ್ಟೋ ಮಾಡೆಲ್ ಚಕ್ಕುಲಿಗೆ ಬಿದ್ದವು.

ಕಿವಿ ಹಿಂದೆ ಸುತ್ತುವ ಕೊಕ್ಕೆ ಗಟ್ಟಿಯೇನೋ ಹೌದು, ಆದರೆ ಕನ್ನಡಕದ ಕಡ್ಡಿಗೆ ತಗುಲುತ್ತದೆ. ನಾವು ಕಿವಿಯ ಮೇಲ್ಮಡಿಕೆಯೊಳಗೆ ಸಿಕ್ಕಿಕೊಳ್ಳುವ ಸಿಲಿಕೋನ್ ರೆಕ್ಕೆ ಇಟ್ಟೆವು, ಮೂರು ಸೈಜಿನಲ್ಲಿ. ಒಬ್ಬರದೇ ಎಡಗಿವಿ ಬಲಗಿವಿಗೆ ಬೇರೆ ಬೇರೆ ಸೈಜ್ ಬೇಕಾಗುವುದೂ ಉಂಟು.

ಇನ್ನು ಬೆವರು. ಡಬ್ಬಿ ಮೇಲಿನ ಐಪಿಎಕ್ಸ್4 ಅಂದರೆ ಎಲ್ಲ ಕಡೆಯಿಂದ ನೀರು ಎರಚಿದರೂ ತೊಂದರೆಯಿಲ್ಲ ಅಂತ. ಐಪಿಎಕ್ಸ್7 ಅಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟರೂ ಕೆಡಬಾರದು. ಆದರೆ ಈ ಪರೀಕ್ಷೆ ಆಗುವುದು ಬರೀ ನೀರಿನಲ್ಲಿ. ಬೆವರಿನಲ್ಲಿ ಉಪ್ಪಿದೆ. ಓಡಿ ಬಂದು ಒರೆಸದೆ ಬಡ್ಡನ್ನು ಚಾರ್ಜಿಂಗ್ ಕೇಸಿಗೆ ಹಾಕಿ ಮುಚ್ಚಿದರೆ, ಪಿನ್ ಮೇಲಿನ ಉಪ್ಪುನೀರಿನಲ್ಲಿ ಚಾರ್ಜಿಂಗ್ ಕರೆಂಟ್ ಹರಿದು ಲೋಹವನ್ನು ತಿನ್ನುತ್ತದೆ. ಹಾಗೆ ಕೆಟ್ಟ ಪಿನ್ನನ್ನು ಭೂತಗನ್ನಡಿಯಲ್ಲಿ ನೋಡಿದ್ದೇನೆ. ನಡುವೆ ಚಿನ್ನದ ಲೇಪ ಹೊಳೆಯುತ್ತಿರುತ್ತದೆ, ಅಂಚಿನಲ್ಲಿ ಹಸಿರು ಕಿಲುಬು. ನಾವು ಲೇಪ ದಪ್ಪ ಮಾಡಿಸಿದೆವು. ಪಿನ್ ಒದ್ದೆ ಅನ್ನಿಸಿದರೆ ಕೇಸು ಕರೆಂಟನ್ನೇ ಕೊಡದಂತೆ ಸಾಫ್ಟ್‌ವೇರ್ ಬರೆಸಿದೆವು. ಆಮೇಲೆ ಉಪ್ಪು, ಯೂರಿಯಾ, ಲ್ಯಾಕ್ಟಿಕ್ ಆಮ್ಲ ಬೆರೆಸಿದ ಕೃತಕ ಬೆವರಿನಲ್ಲಿ ಅದ್ದಿ ಅದ್ದಿ ನೋಡಿದೆವು. ಸದ್ದು ಸಣ್ಣಗಾದರೆ ಸ್ಪೀಕರ್ ಹೋಯಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಜಾಲರಿಯಲ್ಲಿ ಉಪ್ಪೋ ಗುಗ್ಗೆಯೋ ಕಟ್ಟಿಕೊಂಡಿರುತ್ತದೆ, ಅಷ್ಟೇ.

ಹಾಡು ಬದಲಿಸಲು ಟಚ್ ಬೇಡ ಅಂತ ನಾನು ಹಟ ಹಿಡಿದೆ. ಒಂದು ಹನಿ ಬೆವರು ಇಳಿದರೂ ಹಾಡು ಬದಲಾಗುತ್ತದೆ. ಒತ್ತುವ ಬಟನ್ ಆದರೆ ಬಡ್ ಕಿವಿಯೊಳಕ್ಕೆ ಚುಚ್ಚುತ್ತದೆ. ಕೊನೆಗೆ ಬಟನ್ನನ್ನು ಮೇಲಂಚಿಗೆ ತಂದೆವು. ಕೆಳಗೆ ಹೆಬ್ಬೆರಳು ಕೊಟ್ಟು ಮೇಲಿಂದ ಒತ್ತಿದರಾಯಿತು.

ಬ್ಲೂಟೂತ್ ಪರೀಕ್ಷೆ ಆಫೀಸಿನಲ್ಲಿ ಮಾಡಿದರೆ ಸುಮ್ನೆ ದಂಡ. ಅದರ 2.4 ಗಿಗಾಹರ್ಟ್ಸ್ ಅಲೆಯನ್ನು ನಮ್ಮ ಮೈಯಲ್ಲಿರುವ ನೀರು ಹೀರಿಕೊಳ್ಳುತ್ತದೆ. ಒಳಗಾದರೆ ಗೋಡೆಗೆ ಬಡಿದು ಹೇಗೋ ಕಿವಿ ಸೇರುತ್ತದೆ. ಬಯಲಿನಲ್ಲಿ ಗೋಡೆಯೇ ಇಲ್ಲವಲ್ಲ! ಫೋನು ಬಲಜೇಬಿನಲ್ಲಿದ್ದರೆ ಎಡಗಿವಿಯಲ್ಲಿ ಹಾಡು ತುಂಡು ತುಂಡು. ಆಂಟೆನಾವನ್ನು ತಲೆಯಿಂದ ದೂರಕ್ಕೆ, ಬಡ್‌ನ ಹೊರಮುಖಕ್ಕೆ ಸರಿಸಿ, ಮೈದಾನದಲ್ಲೇ ಓಡಿ ನೋಡಬೇಕಾಯಿತು.

ಜಾಸ್ತಿ ಜಗಳ ಆದದ್ದು ಟಿಪ್, ಅಂದರೆ ಕಿವಿತೂತಿನೊಳಗೆ ಕೂರುವ ಮೆತ್ತನೆ ತುದಿಯ ವಿಷಯಕ್ಕೆ. ತೂತನ್ನು ಪೂರ್ತಿ ಮುಚ್ಚಿದರೆ ಬೇಸ್ ಚೆನ್ನಾಗಿರುತ್ತದೆ, ಆದರೆ ಪ್ರತಿ ಹೆಜ್ಜೆಯೂ ತಲೆಯೊಳಗೆ ಧಡ್ ಧಡ್ ಅನ್ನುತ್ತದೆ. ಮೂಳೆಗಳ ಮೂಲಕ ಬಂದ ಸದ್ದು ಹೊರಗೆ ಹೋಗಲು ದಾರಿಯಿರುವುದಿಲ್ಲ. ಗಾಳಿಗೆ ಸಣ್ಣ ದಾರಿ ಬಿಟ್ಟರೆ ಧಡಧಡ ಕಮ್ಮಿ, ಬೇಸೂ ಕಮ್ಮಿ. ನಮ್ಮ ರಸ್ತೆಗಳಲ್ಲಿ ಓಡುವವರಿಗೆ ಹಿಂದಿನ ಬೈಕಿನ ಸದ್ದು ಕೇಳಲೇಬೇಕು ಅಂತ ನನ್ನ ವಾದ. ಜಿಮ್ಮಿನಲ್ಲಿ ಯಾವ ಬೈಕು ಅಂತ ಮಾರ್ಕೆಟಿಂಗ್‌ನವರು. ಎರಡೂ ಬಗೆಯ ಟಿಪ್ ಡಬ್ಬಿಯೊಳಗೆ ಹೋದವು. ಗಾಳಿದಾರಿ ಇರುವುದನ್ನು ಬಡ್‌ಗೆ ಮೊದಲೇ ಹಾಕಿಟ್ಟಿದ್ದೇವೆ, ಮುಚ್ಚುವುದು ಪಕ್ಕದ ಪೊಟ್ಟಣದಲ್ಲಿದೆ.