ಕೊಳೆರೋಗದ ಮಳೆಗಾಲ, ಮನೆಯವರ ಸಿಟ್ಟು
ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯವರಿಗೆ ಒಂದು ಮಾತು. ಮಳೆ ಬಿಡುತ್ತಲೇ ಇಲ್ಲ, ಅಡಿಕೆಗೆ ಕೊಳೆರೋಗ, ಮದ್ದು ಬಿಡಲು ಮರ ಹತ್ತುವವರು ಸಿಗುವುದಿಲ್ಲ, ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಆಗಿದ್ದಾರೆ ಅಲ್ವಾ? ನಮ್ಮಲ್ಲಿ ಅಪ್ಪ ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ರೇಗುತ್ತಾರೆ. ತಮ್ಮನೋ, ಬೈಕ್ ಹತ್ತಿದರೆ ರಾತ್ರಿಯೇ ವಾಪಸ್. ಅಮ್ಮ ಸುಮ್ನೆ ಕೂತುಬಿಡುತ್ತಾರೆ, ನನಗೆ ಜಾಸ್ತಿ ಭಯ ಅದೇ.

ಇದು ಸೊಕ್ಕಲ್ಲ. ಅಪಾಯ ಅಂತ ಮೆದುಳಿಗೆ ಅನ್ನಿಸಿದ ಕೂಡಲೇ ಅಡ್ರಿನಲಿನ್ ಏರಿ ಎದೆ ಹೊಡೆದುಕೊಳ್ಳುತ್ತದೆ, ಆಗ ದೇಹ ಜಗಳಕ್ಕೆ ನಿಲ್ಲುತ್ತದೆ, ಓಡುತ್ತದೆ, ಇಲ್ಲವೇ ಮರಗಟ್ಟುತ್ತದೆ. ಆ ಹೊತ್ತಿಗೆ ಬುದ್ಧಿವಾದ ಬೇಡ. ಅರ್ಧ ಗಂಟೆ ಬಿಟ್ಟು 'ಅಪ್ಪ, ತೋಟಕ್ಕೊಮ್ಮೆ ಹೋಗಿ ಬರುವಾ' ಅನ್ನುತ್ತೇನೆ. ಕೈ ಎತ್ತಿದರೆ ಮಾತ್ರ ಸಹಿಸಬೇಡಿ, ಅದು ಬೇರೆ. ಊಟ ನಿದ್ದೆ ವಾರಗಟ್ಟಲೆ ತಪ್ಪಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ.