ಹೊಸ ಆರ್‌ಟಿಎಸ್ ಡೆಮೊ ಬಂತೇ? ಮೊದಲು ಪಾಯ ನೋಡಿ, ಸುಣ್ಣ ಬಣ್ಣ ಆಮೇಲೆ

ಹೊಸ ರಿಯಲ್-ಟೈಮ್ ಸ್ಟ್ರಾಟಜಿ ಗೇಮಿನ (ಆರ್‌ಟಿಎಸ್: ಸರದಿಗೆ ಕಾಯದೆ ನೆಲೆ ಅಂದರೆ ‘ಬೇಸ್’ ಕಟ್ಟಿ, ಸೈನಿಕ, ಟ್ಯಾಂಕ್, ಕೂಲಿಯಾಳು ಮುಂತಾದ ‘ಯೂನಿಟ್’ಗಳನ್ನು ನಡೆಸಿ ಕಾದಾಡುವ ಆಟ) ಡೆಮೊ ಬಂದು ಎರಡು ಗಂಟೆ ಆಗುವಷ್ಟರಲ್ಲಿ ತೀರ್ಪುಗಳು ಹೊರಬೀಳುತ್ತವೆ. ‘ಯೂನಿಟ್‌ಗಳು ಮಾತೇ ಕೇಳಲ್ಲ’, ‘ತೀರಾ ನಿಧಾನ’, ‘ಆ ಫ್ಯಾಕ್ಷನ್ (ಆಡಲು ಆರಿಸುವ ಪಕ್ಷ) ಸಿಕ್ಕಾಪಟ್ಟೆ ಸ್ಟ್ರಾಂಗು’. ಈ ಕೊನೆಯ ಮಾತಿನಿಂದ ಡೆವಲಪರ್‌ಗೆ ಹೆಚ್ಚೇನೂ ಉಪಯೋಗವಿಲ್ಲ. ಯೂನಿಟ್‌ನ ಬೆಲೆ, ಡ್ಯಾಮೇಜ್, ತಯಾರಾಗುವ ಸಮಯ ಎಲ್ಲವೂ ಯಾವುದೋ ಪಟ್ಟಿಯಲ್ಲಿರುವ ಅಂಕಿಗಳು. ಬಿಡುಗಡೆಯ ಹೊತ್ತಿಗೆ ಹತ್ತು ಸಲ ತಿದ್ದಿರುತ್ತಾರೆ. ಪಾಥ್‌ಫೈಂಡಿಂಗ್ (ಯೂನಿಟ್ ತಾನೇ ದಾರಿ ಹುಡುಕುವುದು), ಕ್ಲಿಕ್ಕಿಗೆ ಯೂನಿಟ್ ಸ್ಪಂದಿಸುವ ವೇಗ, ದೊಡ್ಡ ಯುದ್ಧದಲ್ಲಿ ಸಿಮ್ಯುಲೇಶನ್ (ಆಟದ ಒಳಗಿನ ಲೆಕ್ಕ) ಎಳೆಯುವ ತೂಕ, ನೆಟ್‌ಕೋಡ್ (ಆಟಗಾರರ ಕಂಪ್ಯೂಟರ್‌ಗಳನ್ನು ಜೋಡಿಸುವ ಭಾಗ), ಯಾವ ಯೂನಿಟ್ ಯಾವುದೆಂದು ಒಂದೇ ನೋಟಕ್ಕೆ ಗೊತ್ತಾಗುವುದು: ಇವು ಪಾಯ. ಇವನ್ನು ಕೊನೆಗಳಿಗೆಯಲ್ಲಿ ಬದಲಿಸುವುದು ಬಹಳ ಕಷ್ಟ. ಹಾಗಾಗಿ ಕೈಯಲ್ಲಿರುವ ಮೂರು ನಾಲ್ಕು ಗಂಟೆಯನ್ನು ಪಾಯ ತಟ್ಟಿ ನೋಡುವುದಕ್ಕೇ ಇಡಿ.

ಮೊದಲ ಹದಿನೈದು ನಿಮಿಷ ಆಡಬೇಡಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೆಮೊ ಬಗ್ಗೆ ಬರುವ ದೂರುಗಳಲ್ಲಿ ಈ ಜಾತಿಯವು ಬಹಳ. ಹೆಸರಾಂತ ಆರ್‌ಟಿಎಸ್ ಸ್ಟಾರ್‌ಕ್ರಾಫ್ಟ್ ಆಡಿದ ಬೆರಳು ಯೋಚಿಸದೆ ‘ಎ’ ಒತ್ತಿ ನೆಲದ ಮೇಲೆ ಕ್ಲಿಕ್ ಮಾಡುತ್ತದೆ, ಅಲ್ಲಿ ಅದು ಅಟ್ಯಾಕ್-ಮೂವ್, ಎಂದರೆ ಸಿಕ್ಕ ಶತ್ರುವಿಗೆ ಹೊಡೆಯುತ್ತ ಮುಂದೆ ಹೋಗುವ ಆಜ್ಞೆ. ಹೊಸ ಗೇಮಿನಲ್ಲಿ ಅದೇ ಕೀ ಬೇರೇನಕ್ಕೋ ಇದ್ದರೆ ಇಡೀ ಸೈನ್ಯ ಗುಂಡು ಹಾರಿಸದೆ ಶತ್ರುವಿನ ನಡುವೆ ನಡೆದುಹೋಗಿ ಸಾಯುತ್ತದೆ. ಯೂನಿಟ್ ಪೆದ್ದಲ್ಲ, ಕೀ ಬೇರೆ.

ಸೆಟ್ಟಿಂಗ್ಸ್ ತೆರೆದು ಅಟ್ಯಾಕ್-ಮೂವ್, ಸ್ಟಾಪ್, ಹೋಲ್ಡ್ ಪೊಸಿಶನ್ (ಜಾಗ ಬಿಡದೆ ನಿಲ್ಲುವುದು), ಸುಮ್ಮನೆ ನಿಂತ ವರ್ಕರ್‌ನನ್ನು (ಸಂಪನ್ಮೂಲ ತರುವ ಆಳು) ಹುಡುಕುವ ಕೀ ಎಲ್ಲಿವೆ ನೋಡಿ. ಹಾಟ್‌ಕೀಗಳು ಬಟನ್‌ಗಳು ಕೂತಿರುವ ಜಾಗಕ್ಕೆ ತಕ್ಕ ಗ್ರಿಡ್ಡೋ, ಹೆಸರಿನ ಮೊದಲ ಅಕ್ಷರವೋ ತಿಳಿದುಕೊಳ್ಳಿ. ಬದಲಿಸಲು ಬಂದರೆ ಕೈಗೆ ಒಗ್ಗಿದ್ದನ್ನೇ ಹಾಕಿಕೊಳ್ಳಿ. ಒಂದು ಯೂನಿಟ್ ಎರಡು ಕಂಟ್ರೋಲ್ ಗ್ರೂಪಿನಲ್ಲಿ (ಒಂದೇ ಕೀಗೆ ಕಟ್ಟಿದ ಯೂನಿಟ್‌ಗಳ ಗುಂಪು) ಇರಬಹುದೇ, ಇಲ್ಲ ಹೊಸ ಗ್ರೂಪಿಗೆ ಸೇರಿದೊಡನೆ ಹಳೆಯದರಿಂದ ಹೊರಬೀಳುತ್ತದೆಯೇ ಎಂಬುದನ್ನೂ ಈಗಲೇ ನೋಡಿ. ಯುದ್ಧದ ನಡುವೆ ಗೊತ್ತಾದರೆ ಕಷ್ಟ.

ಎರಡು ಮಾನಿಟರ್ ಇದ್ದವರು ಮೌಸನ್ನು ಗೇಮಿನ ವಿಂಡೋದೊಳಗೇ ಕಟ್ಟಿಹಾಕುವ ಆಯ್ಕೆ ಆನ್ ಮಾಡಿ. ಇಲ್ಲದಿದ್ದರೆ ಕರ್ಸರ್ ಅಂಚು ದಾಟಿ ಪಕ್ಕದ ಪರದೆಗೆ ಹೋಗುತ್ತದೆ, ಕ್ಯಾಮರಾ ಮಾತ್ರ ನಿಂತಲ್ಲೇ ನಿಂತಿರುತ್ತದೆ. ‘ಎಡ್ಜ್ ಸ್ಕ್ರೋಲ್ (ಕರ್ಸರ್ ಅಂಚಿಗೆ ಒಯ್ದರೆ ಕ್ಯಾಮರಾ ಸರಿಯುವುದು) ಕೆಲಸ ಮಾಡಲ್ಲ’ ಎಂಬ ದೂರಿನ ಮೂಲ ಎಷ್ಟೋ ಸಲ ಇದೇ. ಯೂನಿಟ್‌ನಲ್ಲಿ ಉಳಿದ ಜೀವ ತೋರಿಸುವ ಹೆಲ್ತ್ ಬಾರ್ ‘ಯಾವಾಗಲೂ’ ಎಂದಿರಲಿ.

ಗೇಮ್ ಸ್ಪೀಡ್ ಮರೆಯಬೇಡಿ. ಸ್ಟಾರ್‌ಕ್ರಾಫ್ಟ್ 2ನಲ್ಲಿ ಎಲ್ಲರೂ ಆಡುವ ‘ಫಾಸ್ಟರ್’ ವೇಗ ಅಲ್ಲಿನ ‘ನಾರ್ಮಲ್’ನ 1.4 ಪಟ್ಟು. ಏಜ್ ಆಫ್ ಎಂಪೈರ್ಸ್ 2ರ ಡೆಫಿನಿಟಿವ್ ಎಡಿಶನ್‌ನ ಆನ್‌ಲೈನ್ ಪಂದ್ಯಗಳು 1.7 ಪಟ್ಟು ವೇಗದಲ್ಲಿ ಓಡುತ್ತವೆ. ಅದಕ್ಕೆ ಒಗ್ಗಿದ ಕಣ್ಣಿಗೆ 1.0ರಲ್ಲಿ ಓಡುವ ಡೆಮೊ ಎಮ್ಮೆಯಂತೆ ಕಾಣುವುದು ಸಹಜ.

ರ‍್ಯಾಂಪಿನ ಪರೀಕ್ಷೆ

ಮೊದಲ ಪಂದ್ಯ ಅತಿ ಸುಲಭದ ಎಐ (ಕಂಪ್ಯೂಟರೇ ಆಡುವ ಎದುರಾಳಿ) ಎದುರು. ಗೆಲ್ಲುವ ಗೋಜು ಬೇಡ. ಅಗ್ಗದ ಕಾಲಾಳು 20, ಸಿಗುವುದರಲ್ಲೇ ದೊಡ್ಡ ಮೈಯ ಯೂನಿಟ್ 4 ಮಾಡಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಆರಿಸಿ, ಬೇಸಿನಿಂದ ಇಳಿಯುವ ಇಕ್ಕಟ್ಟಾದ ಇಳಿಜಾರು, ಅಂದರೆ ರ‍್ಯಾಂಪಿನ ಆಚೆಗೆ ಒಂದೇ ಕ್ಲಿಕ್ಕಿನಲ್ಲಿ ಕಳಿಸಿ. ಅರ್ಧದಷ್ಟು ಇಳಿದಾಗ ವಾಪಸ್ ಕರೆಯಿರಿ. ನಿಜವಾದ ಪರೀಕ್ಷೆ ಈ ತಿರುಗುವ ಗಳಿಗೆಯದು. ಮುಂದೆ ಇದ್ದವು ಹಿಂದಕ್ಕೆ ನುಗ್ಗುತ್ತವೆ, ಹಿಂದೆ ಇದ್ದವು ಇನ್ನೂ ತಿರುಗುತ್ತಿರುತ್ತವೆ, ದೊಡ್ಡದೊಂದು ರ‍್ಯಾಂಪಿಗೆ ಅಡ್ಡಲಾಗಿ ನಿಂತಿರುತ್ತದೆ.

ಇಲ್ಲಿ ಮೂರು ಬಗೆಯ ಎಡವಟ್ಟು ಕಾಣಬಹುದು. ಬಾಯಿ ಕಟ್ಟಿದ ರ‍್ಯಾಂಪು ಮೊದಲನೆಯದು: ಯೂನಿಟ್‌ಗಳು ಒಂದರ ಹಿಂದೊಂದು ನಿಂತು ನಡುಗುತ್ತವೆ, ಯಾವುದೂ ಮುಂದೆ ಹೋಗುವುದಿಲ್ಲ. ಸಾಮಾನ್ಯವಾಗಿ ದಾರಿಯ ಲೆಕ್ಕ ನೆಲ ಮತ್ತು ಕಟ್ಟಡಗಳನ್ನಷ್ಟೇ ನೋಡಿ ಆಗಿರುತ್ತದೆ. ಪಕ್ಕದ ಯೂನಿಟ್‌ಗೆ ಡಿಕ್ಕಿ ಹೊಡೆಯದೆ ಸರಿಯುವ ಕೆಲಸ ಬೇರೊಂದು ಪದರದ್ದು. ಇಕ್ಕಟ್ಟಿನಲ್ಲಿ ಎರಡೂ ಕಡೆಯವರು ‘ನೀವು ಮೊದಲು ಹೋಗಿ’ ಎನ್ನುತ್ತ ನಿಂತುಬಿಡುತ್ತಾರೆ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಎತ್ತು ಏರಿಗೆ, ಕೋಣ ನೀರಿಗೆ. ಹದಿನಾರು ಯೂನಿಟ್ ನೇರ ದಾರಿಯಲ್ಲಿ, ಉಳಿದವು ಇಡೀ ಮ್ಯಾಪನ್ನು ಸುತ್ತಿಕೊಂಡು. ಕ್ಷಣ ಮಾತ್ರ ಅಡ್ಡ ನಿಂತ ಯೂನಿಟ್ಟನ್ನು ಗೇಮು ಗೋಡೆ ಎಂದು ಎಣಿಸಿದಾಗ ಹೀಗಾಗುತ್ತದೆ. ಸುತ್ತಿ ಹೋದವು ಶತ್ರುವಿನ ಬಾಗಿಲಿಗೆ ಒಂಟಿಯಾಗಿ ತಲುಪುತ್ತವೆ, ಆಟಗಾರನಿಗೆ ಅವು ಸತ್ತ ಮೇಲೆಯೇ ಗೊತ್ತಾಗುವುದು. ಮೂರನೆಯದು ಗುರಿ ಮುಟ್ಟಿದ ಮೇಲಿನ ತಳ್ಳಾಟ. ಇದು ಬರೀ ನೋಡಲು ಅಸಹ್ಯವೋ, ತಳ್ಳಾಡುವಾಗ ಗುಂಡು ಹಾರಿಸುವುದೂ ನಿಲ್ಲುತ್ತದೆಯೋ ಗಮನಿಸಿ. ನಿಂತರೆ ಮಾತ್ರ ದೊಡ್ಡ ದೋಷ.

ಒರಟು ಪಾಥ್‌ಫೈಂಡಿಂಗ್ ಎಲ್ಲ ತಪ್ಪೂ ಅಲ್ಲ. 1998ರ ಸ್ಟಾರ್‌ಕ್ರಾಫ್ಟ್‌ನಲ್ಲಿ ಒಮ್ಮೆಗೆ ಆರಿಸಲು ಬರುತ್ತಿದ್ದುದು 12 ಯೂನಿಟ್ ಮಾತ್ರ. ರ‍್ಯಾಂಪಿನಲ್ಲಿ ಸಿಕ್ಕಿಕೊಳ್ಳುವ ಡ್ರಗೂನ್ ಎಂಬ ದೊಡ್ಡ ಯೂನಿಟ್‌ಗಳನ್ನು ಬಿಡಿಸಿ ಕರೆದೊಯ್ಯುವುದೇ ಅಲ್ಲಿ ಕೈಚಳಕವಾಯಿತು. 2010ರಲ್ಲಿ ಬಂದ ಎರಡನೆಯ ಗೇಮಿನಲ್ಲಿ ಯೂನಿಟ್‌ಗಳು ನೀರಿನಂತೆ ಹರಿದು ಮುದ್ದೆಯಾಗಿ ನಿಲ್ಲುತ್ತವೆ; ಆ ಮುದ್ದೆಯ ಮೇಲೆ ಬೀಳುವ ಸ್ಪ್ಲ್ಯಾಶ್ ಡ್ಯಾಮೇಜ್ (ಒಂದೇ ಏಟು ಸುತ್ತಲಿನವರಿಗೂ ತಗಲುವುದು) ಭೀಕರ. ಆದ್ದರಿಂದ ಅದೇ ಆಜ್ಞೆಯನ್ನು ಮೂರು ಸಲ ಕೊಟ್ಟು ನೋಡಿ. ಮೂರೂ ಸಲ ಒಂದೇ ಥರ ಎಡವಿದರೆ ಅದನ್ನು ಕಲಿತು ಸುಧಾರಿಸಿಕೊಳ್ಳಬಹುದು. ಒಂದೊಂದು ಸಲ ಒಂದೊಂದು ಥರ ಆದರೆ ಬರೆದಿಟ್ಟುಕೊಳ್ಳಿ.

ಕ್ಲಿಕ್ಕಿನಿಂದ ಹೆಜ್ಜೆಯವರೆಗೆ

‘ರೆಸ್ಪಾನ್ಸ್ ಚೆನ್ನಾಗಿಲ್ಲ’ ಎನ್ನುವ ಬದಲು ಅಳೆಯಬಹುದು. ಫೋನಿನ ಸ್ಲೋ-ಮೋಶನ್ ಕ್ಯಾಮರಾವನ್ನು 240 ಫ್ರೇಮಿಗೆ ಇಟ್ಟು ಪರದೆಯ ಮುಂದೆ ನಿಲ್ಲಿಸಿ. ಒಬ್ಬ ಕಾಲಾಳನ್ನು ಆರಿಸಿ ನೆಲದ ಮೇಲೆ ಕ್ಲಿಕ್ ಮಾಡಿ. ವಿಡಿಯೊದಲ್ಲಿ ನೆಲದ ಮೇಲೆ ಕ್ಲಿಕ್ ಗುರುತು ಮೂಡಿದ ಫ್ರೇಮಿನಿಂದ ಯೂನಿಟ್ ಮೊದಲು ಅಲುಗಾಡಿದ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮಿಗೆ ಸುಮಾರು 4 ಮಿಲಿಸೆಕೆಂಡ್. 24 ಫ್ರೇಮ್ ಎಂದರೆ 100, 60 ಎಂದರೆ 250. ಮೌಸ್ ಒತ್ತಿದ ಗಳಿಗೆಯಿಂದ ಎಣಿಸದೆ ಗುರುತಿನಿಂದ ಎಣಿಸಿದರೆ ಮಾನಿಟರಿನ ವಿಳಂಬ ಲೆಕ್ಕದಿಂದ ಹೊರಗುಳಿಯುತ್ತದೆ. ಟ್ಯಾಂಕಿನ ಮೇಲೆ ಈ ಪ್ರಯೋಗ ಬೇಡ, ಅದು ನಿಧಾನ ತಿರುಗುವುದು ವಿನ್ಯಾಸದಲ್ಲೇ ಇರಬಹುದು.

ಎಐ ಎದುರು ಒಮ್ಮೆ, ಆನ್‌ಲೈನ್ ಪಂದ್ಯದಲ್ಲಿ ಐದಾರು ಸಲ ಅಳೆಯಿರಿ. ಬಹಳಷ್ಟು ಆರ್‌ಟಿಎಸ್‌ಗಳು ಲಾಕ್‌ಸ್ಟೆಪ್ ಪದ್ಧತಿಯವು: ಯೂನಿಟ್‌ಗಳ ಸ್ಥಾನವನ್ನು ಕಳಿಸುವುದಿಲ್ಲ, ಆಜ್ಞೆಗಳನ್ನಷ್ಟೇ ಕಳಿಸಿ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಟರ್ನಿನಲ್ಲಿ (ಆಟದ ಸಮಯದ ಒಂದು ಚಿಕ್ಕ ತುಣುಕು) ನಡೆಸುತ್ತವೆ. ಅದಕ್ಕಾಗಿ ಆಜ್ಞೆಯನ್ನು ಸ್ವಲ್ಪ ಮುಂದಕ್ಕೆ ಹಾಕಲೇಬೇಕು. 1997ರ ಏಜ್ ಆಫ್ ಎಂಪೈರ್ಸ್‌ನಲ್ಲಿ ಅದು ಎರಡು ಟರ್ನ್ ಮುಂದೆ. 250 ಮಿಲಿಸೆಕೆಂಡ್ ತಡವಾದರೂ ಆಟಗಾರರಿಗೆ ಗೊತ್ತೇ ಆಗುವುದಿಲ್ಲ, ಆದರೆ ತಡ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದರೆ ಕಿರಿಕಿರಿ ಎಂದು ಅದನ್ನು ಮಾಡಿದವರೇ ಕಂಡುಕೊಂಡಿದ್ದರು. ಹಾಗಾಗಿ ನಿಮ್ಮ ಅಳತೆಯಲ್ಲಿ ಸರಾಸರಿಗಿಂತ ಏರಿಳಿತ ಮುಖ್ಯ. ಯಾವಾಗಲೂ 200 ಇದ್ದರೆ ಕೈ ಹೊಂದಿಕೊಳ್ಳುತ್ತದೆ. 80, 350, 120 ಹೀಗೆ ಕುಣಿದರೆ ಮೈಕ್ರೋ (ಒಂದೊಂದೇ ಯೂನಿಟ್ಟನ್ನು ಸೂಕ್ಷ್ಮವಾಗಿ ನಡೆಸುವುದು) ಮಾಡುವ ಆಸೆ ಬಿಡಬೇಕು.

ಎರಡನೇ ಪಂದ್ಯ: ಎಕಾನಮಿ

ಒಂದೇ ಸಂಪನ್ಮೂಲಕ್ಕೆ 4 ವರ್ಕರ್ ಹಾಕಿ 60 ಸೆಕೆಂಡಿನಲ್ಲಿ ಎಷ್ಟು ಬಂತು ಬರೆಯಿರಿ. ಆಮೇಲೆ 8, 12, 16. ಪ್ರತಿ ನಾಲ್ವರು ತರುವ ಹೆಚ್ಚುವರಿ ಎಲ್ಲಿ ಕುಗ್ಗಿತೋ ಅಲ್ಲಿಗೆ ಆ ಬೇಸ್ ತುಂಬಿತು. ಸ್ಟಾರ್‌ಕ್ರಾಫ್ಟ್ 2ನ ಮಾಮೂಲಿ ಬೇಸಿನಲ್ಲಿ 8 ಮಿನರಲ್ ರಾಶಿಗೆ 16 ವರ್ಕರ್, ಗ್ಯಾಸ್ ಒಂದಕ್ಕೆ 3. ಡೆಮೊದಲ್ಲಿ ಈ ಅಂಚು ಸಿಗದೆ ವರ್ಕರ್ ಹಾಕಿದಷ್ಟೂ ಆದಾಯ ಏರುತ್ತಲೇ ಹೋದರೆ ಎರಡನೇ ಬೇಸ್ ಕಟ್ಟಲು ಕಾರಣವೇ ಇರುವುದಿಲ್ಲ. ಮ್ಯಾಪಿನ ಮುಕ್ಕಾಲು ಭಾಗ ದಂಡ.

ಜೊತೆಗೆ ಮೊದಲ ಐದು ನಿಮಿಷದಲ್ಲಿ ಕೈ ಕಟ್ಟಿ ಕೂತ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಕೂಡಿಸಿ. ಏಜ್ ಆಫ್ ಎಂಪೈರ್ಸ್ 2ರಲ್ಲಿ ಸಾಮಾನ್ಯ ಆರಂಭ 3 ಹಳ್ಳಿಗರು, ಒಬ್ಬ ಸ್ಕೌಟ್, 200 ಆಹಾರ, 200 ಮರ. ಟೌನ್ ಸೆಂಟರ್ ಐವರಿಗೆ ಜಾಗ ಕೊಡುತ್ತದೆ, ಅದರಲ್ಲಿ ನಾಲ್ಕು ಆಗಲೇ ಭರ್ತಿ. ಒಬ್ಬ ಹಳ್ಳಿಗನಿಗೆ 25 ಸೆಕೆಂಡ್, ಅಷ್ಟರೊಳಗೆ 25 ಮರದ ಮನೆ ಏಳದಿದ್ದರೆ ಉತ್ಪಾದನೆ ನಿಂತಿತು. ಮೊದಲ ಸೆಕೆಂಡಿನಿಂದಲೇ ಮಾಡಲು ಕೆಲಸ ಇದೆ. ಸ್ಟಾರ್‌ಕ್ರಾಫ್ಟ್ 2 ಈ ಖಾಲಿ ಹೊತ್ತನ್ನು ಕಡಿಮೆ ಮಾಡಲು 2015ರಲ್ಲಿ ಆರಂಭದ ವರ್ಕರ್‌ಗಳನ್ನು 6ರಿಂದ 12ಕ್ಕೆ ಏರಿಸಿತು. ‘ಶುರುವಿನಲ್ಲಿ ಬೋರು’ ಎನ್ನುವುದಕ್ಕಿಂತ ‘ಮೊದಲ 5 ನಿಮಿಷದಲ್ಲಿ 2 ನಿಮಿಷ 10 ಸೆಕೆಂಡ್ ಮಾಡಲು ಏನೂ ಇರಲಿಲ್ಲ’ ಎಂದರೆ ಡೆವಲಪರ್ ಎಲ್ಲಿ ಕೈ ಹಾಕಬೇಕೆಂದು ತಿಳಿಯುತ್ತದೆ.

ಯುದ್ಧ ಕಣ್ಣಿಗೆ ಕಾಣುತ್ತದೆಯೇ?

ಗೆಳೆಯರೊಬ್ಬರನ್ನು ಕರೆದು ಒಂದೇ ಯೂನಿಟ್ 10ಕ್ಕೆ 10 ಎದುರಾಬದುರಾಗಿ ಬಿಡಿ. ಮೊದಲ ಏಟಿನಿಂದ ಕೊನೆಯ ಸಾವಿನವರೆಗೆ ಎಷ್ಟು ಸೆಕೆಂಡ್? ನಾಲ್ಕೈದರಲ್ಲಿ ಮುಗಿದರೆ ಎಲ್ಲಿ ನಿಂತಿರಿ ಎಂಬುದೇ ಗೆಲುವನ್ನು ತೀರ್ಮಾನಿಸುವ ಗೇಮು. ಇಪ್ಪತ್ತು ದಾಟಿದರೆ ಗಾಯಗೊಂಡವನನ್ನು ಹಿಂದಕ್ಕೆಳೆದು ಉಳಿಸಿಕೊಳ್ಳಬಹುದು, ವಾರ್‌ಕ್ರಾಫ್ಟ್ 3ರ ಹಾಗೆ. ಎರಡೂ ಸರಿಯೇ.

ಆಮೇಲೆ ಎಲ್ಲ ಬಗೆಯ ಯೂನಿಟ್ ಬೆರೆತ ಗುಂಪಿನ ಸ್ಕ್ರೀನ್‌ಶಾಟ್ ಮಾಮೂಲಿ ಜೂಮಿನಲ್ಲೇ ತೆಗೆದು, ಕಪ್ಪು-ಬಿಳುಪು ಮಾಡಿ, ಕಾಲು ಭಾಗಕ್ಕೆ ಕುಗ್ಗಿಸಿ. ಬಿಲ್ಲುಗಾರ ಯಾರು, ಈಟಿಯವ ಯಾರು ಎಂದು ಆಕಾರದಿಂದಲೇ ಗೊತ್ತಾಗಬೇಕು. ಬಣ್ಣದಿಂದ ಮಾತ್ರ ಗುರುತು ಸಿಗುವುದಾದರೆ ಬೆಂಕಿ, ಹೊಗೆ, ಟೀಮ್ ಕಲರ್ ಸೇರಿದಾಗ ಅದೂ ಕಲಸಿಹೋಗುತ್ತದೆ. ಕ್ಯಾಮರಾ ಬೇಸಿನಲ್ಲಿದ್ದಾಗ ದೂರದ ವರ್ಕರ್ ಮೇಲೆ ದಾಳಿಯಾದರೆ ದನಿ ಕೇಳುತ್ತದೆಯೇ, ಮಿನಿಮ್ಯಾಪ್ ಮಿನುಗುತ್ತದೆಯೇ ಅದನ್ನೂ ನೋಡಿ.

ಕುಂಟುವುದು ಗ್ರಾಫಿಕ್ಸ್ ಕಾರ್ಡೋ, ಸಿಮ್ಯುಲೇಶನ್ನೋ?

ಪಂದ್ಯದ ಶುರುವಿನಲ್ಲಿ, ಮ್ಯಾಪ್ ಖಾಲಿ ಇರುವಾಗ, ಗೇಮಿನ ಗಡಿಯಾರದ 60 ಸೆಕೆಂಡ್ ಓಡಲು ನಿಜವಾಗಿ ಎಷ್ಟು ಹಿಡಿಯುತ್ತದೆ ಎಂದು ಅಳೆದಿಟ್ಟುಕೊಳ್ಳಿ. ಗೇಮಿನ ಗಡಿಯಾರ ಸ್ಪೀಡ್ ಸೆಟ್ಟಿಂಗ್‌ಗೆ ತಕ್ಕಂತೆ ಓಡಬಹುದು, 1.7 ವೇಗದಲ್ಲಿ ಅದು 35 ಸೆಕೆಂಡಿನ ಸುಮಾರಿಗೆ ಮುಗಿಯುತ್ತದೆ. ದೊಡ್ಡ ಯುದ್ಧದ ನಡುವೆ ಮತ್ತೆ ಅಳೆಯಿರಿ. 35 ಇದ್ದದ್ದು 50 ಆದರೆ ಸಿಮ್ಯುಲೇಶನ್ ಏದುಸಿರು ಬಿಡುತ್ತಿದೆ. ಅದೇ ಹೊತ್ತಿಗೆ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ: ಫ್ರೇಮ್ ರೇಟ್ ಏರಿದರೆ ಭಾರ ಗ್ರಾಫಿಕ್ಸ್ ಕಾರ್ಡಿನದು, ಏರದಿದ್ದರೆ ಪ್ರೊಸೆಸರಿನದು. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡರೆ ಎರಡನೆಯದು ವಾಸಿಯಾಗುವುದಿಲ್ಲ. ಲಾಕ್‌ಸ್ಟೆಪ್ ಪಂದ್ಯದಲ್ಲಂತೂ ಒಬ್ಬರ ಹಳೆಯ ಕಂಪ್ಯೂಟರ್ ಎಲ್ಲರ ಆಟವನ್ನೂ ಎಳೆದು ನಿಲ್ಲಿಸಬಹುದು, ಆದ್ದರಿಂದ ಈ ಪರೀಕ್ಷೆ ಎಐ ಎದುರೇ ಮಾಡಿ.

ಎಐ ಬಗ್ಗೆ ಒಂದೇ ಪರೀಕ್ಷೆ ಸಾಕು. ಮ್ಯಾಪಿನ ಮೂಲೆಯಲ್ಲಿ, ಅದರ ಸ್ಕೌಟ್ ಬರದ ಕಡೆ, ಒಂದು ಕಟ್ಟಡ ಕಟ್ಟಿ. ಅದರ ಸೈನ್ಯ ನೇರ ಅಲ್ಲಿಗೇ ಬಂದರೆ ಫಾಗ್ ಆಫ್ ವಾರ್ (ಕಣ್ಣಿಗೆ ಬೀಳದ ಜಾಗವನ್ನು ಮುಚ್ಚುವ ಮಂಜು) ಅದಕ್ಕಿಲ್ಲ ಎಂಬ ಅನುಮಾನಕ್ಕೆ ಜಾಗವಿದೆ. ಇನ್ನೊಂದು ಮೂಲೆಯಲ್ಲಿ ಮತ್ತೆ ಮಾಡಿ ಖಚಿತಪಡಿಸಿಕೊಳ್ಳಿ.

ಆನ್‌ಲೈನ್, ಕೊನೆಗೆ ವರದಿ

ಡೆಮೊದಲ್ಲಿ ಎದುರಾಳಿಗಳ ಸಂಖ್ಯೆ ಕಡಿಮೆ, ಮ್ಯಾಚ್‌ಮೇಕಿಂಗ್ (ಎದುರಾಳಿಯನ್ನು ಜೋಡಿಸುವ ವ್ಯವಸ್ಥೆ) ಪಳಗಿದ ಕೈಗೆ ನಿಮ್ಮನ್ನು ಒಪ್ಪಿಸಬಹುದು. ನಾಲ್ಕೇ ನಿಮಿಷದಲ್ಲಿ ಸೋತರೆ ಬ್ಯಾಲೆನ್ಸ್ ಬಗ್ಗೆ ಬರೆಯಬೇಡಿ. ರಿಪ್ಲೇ (ಮುಗಿದ ಪಂದ್ಯದ ದಾಖಲೆ) ತೆರೆದು ‘ಸೋತದ್ದು ಯಾಕೆಂದು ಗೇಮೇ ತೋರಿಸಿಕೊಟ್ಟಿತೇ’ ಎಂಬುದನ್ನು ಬರೆಯಿರಿ.

ವರದಿಯಲ್ಲಿ ಇರಬೇಕಾದ್ದು ವರ್ಶನ್ ನಂಬರ್, ಮ್ಯಾಪ್, ಗೇಮಿನ ಸಮಯ, ಕೊಟ್ಟ ಆಜ್ಞೆ, ಆದದ್ದು. ‘ಯೂನಿಟ್ ಪೆದ್ದು’ ಎನ್ನುವ ಬದಲು ಹೀಗೆ: ‘6 ನಿಮಿಷ 40 ಸೆಕೆಂಡ್, ಬೇಸಿನ ದಕ್ಷಿಣ ರ‍್ಯಾಂಪ್, 20 ಕಾಲಾಳು ಮತ್ತು 4 ಟ್ಯಾಂಕಿಗೆ ಮೂವ್ ಆಜ್ಞೆ, ಅರ್ಧ ದಾರಿಯಲ್ಲಿ ವಾಪಸ್. 5 ಕಾಲಾಳು ಪೂರ್ವದ ದಾರಿ ಸುತ್ತಿ ಹೋದರು. ಮೂರರಲ್ಲಿ ಎರಡು ಸಲ ಹೀಗಾಯಿತು.’ ಬ್ಯಾಲೆನ್ಸ್ ದೂರು ಇದ್ದೇ ಇದ್ದರೆ ಕೊನೆಗೆ ಒಂದು ಸಾಲು.

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಡೆಮೊ ಹಬ್ಬ ‘ಸ್ಟೀಮ್ ನೆಕ್ಸ್ಟ್ ಫೆಸ್ಟ್’ ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ, ಒಂದೊಂದು ವಾರ ನಡೆಯುತ್ತದೆ. ಅದು ಮುಗಿದ ಮೇಲೆ ಎಷ್ಟೋ ಡೆಮೊಗಳು ತೆರೆಯುವುದೇ ಇಲ್ಲ. ಆಜ್ಞೆಗಳನ್ನಷ್ಟೇ ಉಳಿಸುವ ರಿಪ್ಲೇ ಫೈಲ್ ಗಾತ್ರದಲ್ಲಿ ಚಿಕ್ಕದು, ಆದರೆ ನಡುವೆ ಒಂದು ಪ್ಯಾಚ್ (ಗೇಮಿನ ತಿದ್ದುಪಡಿ) ಬಂದು ಅಂಕಿ ಬದಲಾದರೆ ಅದೇ ಆಜ್ಞೆಗಳಿಂದ ಬೇರೆಯೇ ಯುದ್ಧ ಹುಟ್ಟುತ್ತದೆ, ಅಥವಾ ಫೈಲ್ ತೆರೆಯುವುದೇ ಇಲ್ಲ. ಹಾಗಾಗಿ ರಿಪ್ಲೇಯನ್ನು ಆ ದಿನವೇ ವರದಿಗೆ ಲಗತ್ತಿಸಿ, ಮುಖ್ಯವಾದ ಅರ್ಧ ನಿಮಿಷವನ್ನು ವಿಡಿಯೊ ಆಗಿಯೂ ಉಳಿಸಿಕೊಳ್ಳಿ.