ಹ್ಯಾಸಲ್‌ಮಿಯರ್‌ನಿಂದ ಮಿಲ್‌ಫರ್ಡ್‌ಗೆ, ಮರಳುನೆಲದ ಮೇಲೆ

ಲಂಡನ್ನಿನಿಂದ ಒಂದು ದಿನದ ನಡಿಗೆಗೆ ಹೊರಡುವಾಗ ನಾನು ಹವಾಮಾನಕ್ಕಿಂತ ಮೊದಲು ಮಣ್ಣಿನ ಲೆಕ್ಕ ಹಾಕುತ್ತೇನೆ. ಮಳೆ ಬಾರದ ವಾರಕ್ಕೆ ಕಾಯುತ್ತ ಕುಳಿತರೆ ಇಲ್ಲಿ ವರ್ಷವೇ ಕಳೆದುಹೋಗುತ್ತದೆ. ಜೇಡಿಮಣ್ಣಿನ ಹೊಲಗಳ ನಡುವಿನ ಕಾಲುದಾರಿಗಳು ನವೆಂಬರಿನಿಂದ ಮಾರ್ಚ್‌ವರೆಗೆ ನಾಟಿಗೆ ಹದ ಮಾಡಿದ ಗದ್ದೆಯಂತಿರುತ್ತವೆ. ಸರ್ರೆ ಕೌಂಟಿಯ ನೈರುತ್ಯ ಮೂಲೆಯಲ್ಲಿ ಆ ಕಷ್ಟ ಕಡಿಮೆ. ಅಲ್ಲಿನದು ಮರಳುಗಲ್ಲಿನ ನೆಲ. ಬಿದ್ದ ನೀರು ಬೇಗ ಇಂಗುತ್ತದೆ. ಹೀಗಾಗಿ ಯಾವ ತಿಂಗಳಲ್ಲಾದರೂ ಹಿಂದುಮುಂದು ನೋಡದೆ ಹೊರಡುವ ದಾರಿ ನನಗೆ ಇದೊಂದೇ: ಹ್ಯಾಸಲ್‌ಮಿಯರ್ ರೈಲು ನಿಲ್ದಾಣದಿಂದ ಹೈಂಡ್‌ಹೆಡ್ ಗುಡ್ಡ ಹತ್ತಿ, ಡೆವಿಲ್ಸ್ ಪಂಚ್ ಬೌಲ್ ಎಂಬ ಆಳದ ಕಣಿವೆಯ ಅಂಚು ಹಿಡಿದು, ಥರ್ಸ್‌ಲಿ ಹಳ್ಳಿಗಿಳಿದು, ಅದರಾಚೆಯ ಜವುಗು ದಾಟಿ ಮಿಲ್‌ಫರ್ಡ್ ನಿಲ್ದಾಣ ಸೇರುವುದು. ಹತ್ತಿರ ಹತ್ತಿರ 20 ಕಿಲೋಮೀಟರ್. ಎರಡೂ ನಿಲ್ದಾಣಗಳು ವಾಟರ್ಲೂ–ಪೋರ್ಟ್ಸ್‌ಮತ್ ರೈಲುಮಾರ್ಗದಲ್ಲಿಯೇ ಇರುವುದರಿಂದ ಕಾರು ನಿಲ್ಲಿಸಿದ ಜಾಗಕ್ಕೆ ಮತ್ತೆ ಬರುವ ಉಸಾಬರಿಯಿಲ್ಲ.

ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನನ್ಸ್ ಸರ್ವೆಯ 1:25,000 ಪ್ರಮಾಣದ ನಕ್ಷೆ ಚೀಲದಲ್ಲಿರಬೇಕು. ಮೊಬೈಲ್ ನಕ್ಷೆ ಸಾಕು ಎನ್ನುವವರು ಇದ್ದಾರೆ, ಆದರೆ ಕಣಿವೆಯ ಮರಗಳ ಅಡಿಯಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ನಕ್ಷೆಯಲ್ಲಿ ಹಸಿರು ತುಂಡುಗೆರೆಗಳಾಗಿ ಕಾಣುವುದೆಲ್ಲ ಸಾರ್ವಜನಿಕರಿಗೆ ಕಾನೂನು ಕೊಟ್ಟ ದಾರಿ. ಊರಿನಲ್ಲಿ ಬೇರೆಯವರ ತೋಟದ ಉಣುಗೋಲು ತೆಗೆಯಲು ಮನೆಯವರನ್ನು ಕೂಗಿ ಕೇಳುತ್ತಿದ್ದ ನನಗೆ, ಇಲ್ಲಿ ರೈತನ ಹೊಲದ ಗೇಟನ್ನು ಸುಮ್ಮನೆ ತೆರೆದು, ದಾಟಿ, ಮುಚ್ಚಿ ಮುಂದೆ ಹೋಗುವುದು ಮೈಗೂಡಲು ಬಹಳ ಕಾಲ ಬೇಕಾಯಿತು. ಗೂಟಗಳ ಮೇಲಿನ ಹಳದಿ ಬಾಣ ನಡೆಯುವವರಿಗಾದರೆ, ನೀಲಿ ಬಾಣದ ದಾರಿ ಕುದುರೆ ಸವಾರರಿಗೂ ಸೈಕಲ್ಲಿನವರಿಗೂ ಸೇರಿದ್ದು. ಚಳಿಗಾಲದಲ್ಲಿ ನೀಲಿ ದಾರಿಯನ್ನು ಗೊರಸುಗಳು ಕಲಸಿಹಾಕಿರುತ್ತವೆ. ಸಮೀಪದಲ್ಲಿ ಹಳದಿ ದಾರಿಯಿದ್ದರೆ ನಾನು ಅದನ್ನೇ ಹಿಡಿಯುತ್ತೇನೆ, ತುಸು ಸುತ್ತಾದರೂ ಸರಿ.

ಹ್ಯಾಸಲ್‌ಮಿಯರ್ ಪೇಟೆಯಿಂದ ಹೊರಡುವ ಗ್ರೀನ್‌ಸ್ಯಾಂಡ್ ವೇ ಎಂಬ ದೂರದ ಕಾಲುದಾರಿ ಕೆಂಟ್ ಪ್ರಾಂತದವರೆಗೂ ಹೋಗುತ್ತದೆ. ಅದರ ಮೊದಲ ತುಂಡಷ್ಟೇ ನಮಗೆ ಬೇಕು. ಮೊದಲ ಒಂದು ಗಂಟೆ ಕಾಡು: ಓಕ್, ಬೀಚ್, ಹಾಲಿ ಮರಗಳು, ತಳದಲ್ಲಿ ಕೆಸರು. ಏಪ್ರಿಲ್ ಕೊನೆಯಲ್ಲಿ ಇಂಥ ಕಾಡುಗಳಲ್ಲಿ ನೀಲಿ ಬ್ಲೂಬೆಲ್ ಹೂವು ನೋಡಲು ಜನ ಬರುತ್ತಾರೆ. ನನಗೆ ಕಾಡು ಮುಗಿಯುವ ಜಾಗವೇ ಇಷ್ಟ. ಏರು ಮುಗಿದು ಮರಗಳು ಒಮ್ಮೆಲೇ ನಿಂತುಹೋಗುತ್ತವೆ, ಬೂಟಿನ ಕೆಳಗಿನ ಮಣ್ಣು ಬೂದು ಮರಳಾಗುತ್ತದೆ, ಮೊಣಕಾಲೆತ್ತರದ ಹೆದರ್ ಗಿಡಗಳ ಬಯಲು ತೆರೆದುಕೊಳ್ಳುತ್ತದೆ. ಇಂಥ ಬಯಲನ್ನೇ ಇಲ್ಲಿಯವರು ಹೀತ್ ಎನ್ನುತ್ತಾರೆ.

ಹೆದರ್ ಎಂದರೆ ಒಂದೇ ಗಿಡವಲ್ಲ. ಬೆಲ್ ಹೆದರ್ ಗಾಢ ನೇರಳೆ, ಜೂನ್–ಜುಲೈನಿಂದಲೇ ಹೂ. ಅದು ಇದ್ದಲ್ಲಿ ನೆಲ ಗಟ್ಟಿ, ಒಣ. ಲಿಂಗ್ ಎಂಬುದರ ಹೂವು ಮಾಸಲು ನಸುಗೆಂಪು, ಆಗಸ್ಟಿನಲ್ಲಿ ಇಡೀ ಗುಡ್ಡವನ್ನೇ ಆವರಿಸುತ್ತದೆ. ಮೂರನೆಯದು ಕ್ರಾಸ್‌ಲೀವ್ಡ್ ಹೀತ್: ಕಡ್ಡಿಯ ಸುತ್ತ ನಾಲ್ಕು ನಾಲ್ಕು ಎಲೆಗಳು ಶಿಲುಬೆಯಂತೆ ಜೋಡಣೆಯಾಗಿರುತ್ತವೆ, ತುದಿಯಲ್ಲಿ ತೆಳುಗುಲಾಬಿ ಹೂಗೊಂಚಲು. ಇದು ಕಂಡರೆ ಕಾಲಿಡುವ ಮುನ್ನ ಕೋಲು ಊರಿ ನೋಡಬೇಕು, ಕೆಳಗೆ ನೀರಿದೆ. ನಕ್ಷೆ ಹೇಳದ್ದನ್ನು ಈ ಮೂರು ಗಿಡಗಳು ಹೇಳುತ್ತವೆ. ನಡುನಡುವೆ ಮುಳ್ಳಿನ ಗೋರ್ಸ್ ಪೊದೆಗಳು. ವಸಂತದ ಬಿಸಿಲಿನಲ್ಲಿ ಅದರ ಹಳದಿ ಹೂವಿಗೆ ತೆಂಗಿನಕಾಯಿಯ ವಾಸನೆ. ಈ ದೇಶದಲ್ಲಿ ತೆಂಗು ಎಲ್ಲಿಂದ ಬರಬೇಕು ಎಂದು ಸುತ್ತ ನೋಡದ ಕನ್ನಡಿಗರನ್ನು ನಾನಂತೂ ಕಂಡಿಲ್ಲ. ಆ ಪೊದೆಗಳಲ್ಲಿ ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಇರುತ್ತದೆ. 1962–63ರ ಘೋರ ಚಳಿಯಲ್ಲಿ ಇಡೀ ಬ್ರಿಟನ್ನಿನಲ್ಲಿ ಉಳಿದದ್ದು ಹತ್ತು ಹನ್ನೊಂದು ಜೋಡಿ ಮಾತ್ರ. ಈಗ ಪರವಾಗಿಲ್ಲ.

ಹೈಂಡ್‌ಹೆಡ್‌ನ ನೆತ್ತಿಯಾದ ಗಿಬೆಟ್ ಹಿಲ್ 272 ಮೀಟರ್ ಎತ್ತರ. ನಮ್ಮವರು ನಗಬಹುದು, ಆದರೆ ಸರ್ರೆಯಲ್ಲಿ ಇದಕ್ಕಿಂತ ಎತ್ತರದ್ದು ಲೀತ್ ಹಿಲ್ ಒಂದೇ. ಗಿಬೆಟ್ ಎಂದರೆ ಗಲ್ಲಿಗೇರಿಸಿದವರ ಹೆಣ ತೂಗುಬಿಡುವ ಕಂಬ; ಹೆಸರೇ ಹೇಳುವಂತೆ ಇದು ಹೆಣ ನೇತುಹಾಕುತ್ತಿದ್ದ ಗುಡ್ಡ. 1786ರ ಸೆಪ್ಟೆಂಬರಿನಲ್ಲಿ ಪೋರ್ಟ್ಸ್‌ಮತ್‌ನಲ್ಲಿದ್ದ ಹಡಗು ಸೇರಲು ನಡೆದು ಹೊರಟಿದ್ದ ನಾವಿಕನೊಬ್ಬ ಥರ್ಸ್‌ಲಿಯ ಹೆಂಡದಂಗಡಿಯಲ್ಲಿ ಮೂವರಿಗೆ ಕುಡಿಸಿ ಅವರ ಜೊತೆಯೇ ಮುಂದೆ ಹೊರಟ. ಅವರು ಇಲ್ಲಿ ಅವನನ್ನು ಕೊಂದರು. ಮರುವರ್ಷ ಮೂವರನ್ನೂ ಗಲ್ಲಿಗೇರಿಸಿ ಸರಪಳಿಯಲ್ಲಿ ತೂಗುಬಿಟ್ಟರು. ಸತ್ತವನ ಹೆಸರು ಯಾರಿಗೂ ತಿಳಿಯದು. ಹಳೆಯ ಕುದುರೆಗಾಡಿ ರಸ್ತೆಯ ಬದಿಯಲ್ಲಿ ಅವನ ನೆನಪಿನ ಕಲ್ಲಿದೆ. ಹಿಂಬದಿಗೆ ಹೋಗಿ ಓದಿ: ಈ ಕಲ್ಲಿಗೆ ಹಾನಿ ಮಾಡುವವನಿಗೂ ಇದನ್ನು ಕೀಳುವವನಿಗೂ ಶಾಪ ತಟ್ಟಲಿ ಎಂದು ಕೆತ್ತಿದೆ. ಇದನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎನ್ನುವ ನಮ್ಮ ಶಾಸನಗಳನ್ನು ಓದಿ ಬೆಳೆದ ನನಗೆ ಆ ಕಲ್ಲು ನೆಂಟನಂತೆ ಕಂಡಿತು.

ಅಲ್ಲೇ ಕೆಳಗೆ, ಕಣಿವೆಯ ಅಂಚಿನಲ್ಲಿ, ಲಂಡನ್–ಪೋರ್ಟ್ಸ್‌ಮತ್ ಹೆದ್ದಾರಿ ಹಾದುಹೋಗುತ್ತಿತ್ತು. 2011ರಲ್ಲಿ ಗುಡ್ಡದೊಳಗೆ 1.8 ಕಿಲೋಮೀಟರಿನ ಸುರಂಗ ತೆರೆದ ಮೇಲೆ ಹಳೆಯ ರಸ್ತೆಯನ್ನು ಕಿತ್ತು ಮಣ್ಣು ಮುಚ್ಚಿದರು. ಈಗ ಅದರ ಮೇಲೆ ಹೆದರ್ ಬೆಳೆದಿದೆ. ರಸ್ತೆಯನ್ನು ಬೆಟ್ಟಕ್ಕೆ ಹಿಂದಿರುಗಿಸಿದ ಉದಾಹರಣೆ ಬೇಕೆಂದರೆ ನಾನು ಇಲ್ಲಿಗೆ ಕರೆತರುತ್ತೇನೆ.

ಆದರೆ ಈ ಬಯಲೂ ತನ್ನಷ್ಟಕ್ಕೆ ಹೀಗಿಲ್ಲ. ಸಾವಿರಾರು ವರ್ಷಗಳ ಹಿಂದೆ ಜನ ಇಲ್ಲಿಯ ಕಾಡು ಕಡಿದರು. ಸತ್ವ ತೊಳೆದುಹೋದ ಮರಳಿನಲ್ಲಿ ಹೆದರ್ ಬಂತು. ಮುಂದೆ ದನ ಮೇಯಿಸುವುದು, ಉರುವಲಿಗೆ ಹುಲ್ಲುಹೆಂಟೆ ಅಗೆಯುವುದು, ಕೊಟ್ಟಿಗೆಗೆ ಹಾಸಲು ಜರಿಗಿಡ ಕೊಯ್ಯುವುದು ಹಳ್ಳಿಯವರ ಹಕ್ಕಾಗಿ ಉಳಿಯಿತು. ಶಿರಸಿ ಕಡೆಯವನಾದ ನನಗೆ ಸೊಪ್ಪಿನಬೆಟ್ಟ, ಅಂದರೆ ತೋಟದವರು ಹಕ್ಕಿನಿಂದ ಸೊಪ್ಪು ತರುವ ಕಾಡು, ಗೊತ್ತಿದ್ದುದರಿಂದ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದನಗಳು ಹೋದ ಮೇಲೆ ಬರ್ಚ್, ಪೈನ್ ನುಗ್ಗಿದವು. 1800ರಿಂದ ಈಚೆಗೆ ಇಂಗ್ಲೆಂಡಿನ ಹೀತ್ ಬಯಲಿನ ಐದರಲ್ಲಿ ನಾಲ್ಕು ಪಾಲು ಅಳಿದಿದೆ.

ಉಳಿದದ್ದನ್ನು ಉಳಿಸಲು ಮರ ಕಡಿಯಬೇಕು. ಜನವರಿಯ ಒಂದು ಭಾನುವಾರ ಸ್ವಯಂಸೇವಕರೊಂದಿಗೆ ಆ ಕೆಲಸಕ್ಕೆ ಹೋದೆ. 1983ರಲ್ಲಿ ಜನ ಮರ ಅಪ್ಪಿಕೊಂಡು ನಿಂತ ಸಾಲ್ಕಣಿಯ ಸೀಮೆಯಿಂದ ಬಂದವನ ಕೈಗೆ ಗರಗಸ ಕೊಟ್ಟರು. ಹೆಬ್ಬೆರಳುದ್ದದ ಪೈನ್ ಸಸಿಗಳನ್ನು ಮಾತ್ರ ಕೈಯಿಂದಲೇ ಕೀಳುವುದು. ಒದ್ದೆ ಮರಳಿನಿಂದ ಬೇರುಸಹಿತ ಸಲೀಸಾಗಿ ಬರುತ್ತವೆ, ಬೆರಳಿಗೆ ರಾಳ ಅಂಟುತ್ತದೆ. ದೊಡ್ಡ ಪೈನನ್ನು ಬುಡದಲ್ಲಿ ಕೊಯ್ದರೆ ಅಲ್ಲಿಗೆ ಮುಗಿಯಿತು. ಬರ್ಚ್ ಹಾಗಲ್ಲ, ಕೊಯ್ದ ಬುಡದಿಂದಲೇ ಮತ್ತೆ ಹತ್ತಾರು ಕುಡಿ ಒಡೆಯುತ್ತದೆ. ಅವನ್ನು ಮೇಯಲು ಹೈಂಡ್‌ಹೆಡ್‌ನಲ್ಲಿ ಹೈಲ್ಯಾಂಡ್ ದನಗಳನ್ನೂ ಎಕ್ಸ್‌ಮೂರ್ ತಳಿಯ ಗಿಡ್ಡ ಕುದುರೆಗಳನ್ನೂ ಬಿಡುತ್ತಾರೆ. ಮೊದಲ ಸಸಿ ಕೀಳುವಾಗ ಮನಸ್ಸು ಅಳುಕಿತು, ಮಧ್ಯಾಹ್ನದ ಹೊತ್ತಿಗೆ ಪಕ್ಕದವರಿಗಿಂತ ದೊಡ್ಡ ರಾಶಿ ನನ್ನದಾಗಿತ್ತು. ನೆಲದ ಚರಿತ್ರೆ ನೋಡದೆ ಎಲ್ಲೆಂದರಲ್ಲಿ ಗಿಡ ನೆಡುವ ಉತ್ಸಾಹವನ್ನು ಕಂಡಾಗ ಆ ದಿನದಿಂದ ನನಗೆ ಸ್ವಲ್ಪ ಸಿಡುಕು.

ಥರ್ಸ್‌ಲಿ ಚರ್ಚಿನ ಅಂಗಳದಲ್ಲಿ ಆ ನಾವಿಕನ ಸಮಾಧಿಯಿದೆ. ಚಪಾತಿ ಬಿಚ್ಚಲು ನನ್ನ ಜಾಗವೂ ಅದರ ಹತ್ತಿರದ ಬೆಂಚು. ಅಲ್ಲಿಂದಾಚೆ ಥರ್ಸ್‌ಲಿ ಕಾಮನ್ ಎಂಬ ಹೀತ್ ಬಯಲು, ದಾರಿಯ ಅತ್ಯುತ್ತಮ ಭಾಗ. ಜವುಗಿನ ಮೇಲೆ ಹಲಗೆಯ ಕಾಲುಸೇತುವೆ. ಜೂನಿನಿಂದ ಆಗಸ್ಟ್‌ವರೆಗೆ ಎರಡೂ ಬದಿ ಏರೋಪ್ಲೇನ್ ಚಿಟ್ಟೆಗಳು. ಬಗ್ಗಿ ನೋಡಿದರೆ ಪಾಚಿಯ ನಡುವೆ ಕೆಂಪು ಕೂದಲಿನ ಪುಟ್ಟ ಎಲೆಗಳು, ಪ್ರತಿ ಕೂದಲ ತುದಿಯಲ್ಲಿ ಅಂಟಿನ ಹನಿ, ಅದರಲ್ಲಿ ಸಿಕ್ಕಿಬಿದ್ದ ನೊಣ: ಸಂಡ್ಯೂ ಎಂಬ ಹುಳ ತಿನ್ನುವ ಗಿಡ. 2020ರ ಮೇ ಕೊನೆಯಲ್ಲಿ ಎದ್ದ ಬೆಂಕಿಯಲ್ಲಿ ಇಲ್ಲಿಯ ಬಯಲಿನ ದೊಡ್ಡ ಭಾಗವೂ ಹಲಗೆ ದಾರಿಯೂ ಸುಟ್ಟವು. ಒಣಗಾಲದಲ್ಲಿ ಇಲ್ಲಿ ಒಲೆ ಹಚ್ಚುವವರನ್ನು ಕಂಡರೆ ಪರಿಚಯವಿಲ್ಲದಿದ್ದರೂ ನಿಂತು ಹೇಳುತ್ತೇನೆ. ನತ್ತಿಂಗದಂಥ ಹಕ್ಕಿಗಳು ಇಲ್ಲಿ ಬರಿನೆಲದಲ್ಲಿಯೇ ಮೊಟ್ಟೆಯಿಡುವುದರಿಂದ ಬೇಸಿಗೆಯಲ್ಲಿ ದಾರಿ ಬಿಟ್ಟು ಇಳಿಯುವುದೂ ಬೇಡ.

ವಿಟ್ಲಿ ಕಾಮನ್ ಹಾದು ಮಿಲ್‌ಫರ್ಡ್ ತಲುಪಲು ಇನ್ನೂ ಒಂದೂವರೆ ಗಂಟೆ ಬೇಕು. ಡಿಸೆಂಬರಿನಲ್ಲಿ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ, ಹಾಗಾಗಿ ಆಗ ಬೆಳಿಗ್ಗೆ ಒಂಬತ್ತಕ್ಕೆ ಹ್ಯಾಸಲ್‌ಮಿಯರ್‌ನಲ್ಲಿ ಇಳಿದಿರಬೇಕು.

ಕೊನೆಗೆ ಉಣುಗು. ಮಂಗನ ಕಾಯಿಲೆಯ ಸೀಮೆಯವರಿಗೆ ಇದರ ಭಯ ಹೊಸತಲ್ಲ. ಇಲ್ಲಿ ಅದು ತರುವುದು ಲೈಮ್ ಎಂಬ ರೋಗ. ಜರಿಗಿಡ ಎದೆಯುದ್ದ ಬೆಳೆಯುವ ತಿಂಗಳುಗಳಲ್ಲಿ ನಾನು ತಿಳಿಬಣ್ಣದ ಪ್ಯಾಂಟು ಹಾಕಿ ಅದರ ಅಂಚನ್ನು ಕಾಲುಚೀಲದೊಳಗೆ ತುರುಕುತ್ತೇನೆ. ಚೆಂದ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಮನೆಗೆ ಬಂದು ಸ್ನಾನಕ್ಕೆ ಮೊದಲು ಮೊಣಕಾಲಿನ ಹಿಂಬದಿ, ತೊಡೆಸಂದಿ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಕಚ್ಚಿಕೊಂಡಿದ್ದರೆ ಎಣ್ಣೆ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ನಿಧಾನವಾಗಿ ಎಳೆಯಬೇಕು. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಬಳೆ ಹರಡುತ್ತ ಹೋದರೆ ವೈದ್ಯರ ಬಳಿ ಹೋಗಿ ನಡಿಗೆಯ ದಿನಾಂಕ ಹೇಳಿ. ಅದಕ್ಕಾಗಿಯೇ ನಾನು ನಕ್ಷೆಯ ಹಿಂಬದಿಯಲ್ಲಿ ದಿನಾಂಕ ಬರೆದಿಡುತ್ತೇನೆ.